ದಿಬ್ಬದ ಬೆನ್ನಿನ ಕಡೆಯಿಂದ: ಸಾಳ ನದಿಯಲ್ಲೊಂದು ನಿಧಾನದ ಪಯಣ

(ಮಡಗಾಂವ್‌ನಲ್ಲಿ ನೆಲೆಸಿರುವ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಅವುಗಳಿಗೆ ಸಲ್ಲುವ ಜಾಗದಲ್ಲಿ ಸೇರಿಸಿದ್ದೇನೆ.)

ಹಿರಿಯರೆ, ಗೆಳೆಯರೆ,

ಊರಿನಿಂದ ನೆಂಟರು ಬಂದರೆ ಗೋವಾದಲ್ಲಿರುವ ನಾವೆಲ್ಲರೂ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತೇವೆ. ಬೆಳಿಗ್ಗೆ ಮಂಗೇಶಿ, ಶಾಂತಾದುರ್ಗಾ ದೇವಸ್ಥಾನಗಳು, ಮಧ್ಯಾಹ್ನ ಹಳೇ ಗೋವಾದ ಇಗರ್ಜಿಗಳು, ಸಂಜೆಗೆ ಪಣಜಿಯಲ್ಲಿ ಮಾಂಡವಿ ನದಿಯ ಬೋಟು. ಒಂದು ತಾಸಿನ ಆ ವಿಹಾರದಲ್ಲಿ ಮೇಲಟ್ಟದ ಮೇಲೆ ಹಾಡು, ಕುಣಿತ ನಡೆಯುತ್ತವೆ. ಕುರ್ಚಿಗಳೆಲ್ಲ ವೇದಿಕೆಯ ಕಡೆಗೆ ಮುಖ ಮಾಡಿರುತ್ತವೆ. ನದಿಗೆ ಎಲ್ಲರೂ ಬೆನ್ನು ಹಾಕಿ ಕೂತಿರುತ್ತಾರೆ. ಹೋದ ವರ್ಷ ಬಂದಿದ್ದ ನನ್ನ ಅತ್ತಿಗೆ ಊರು ಮುಟ್ಟಿದ ಮೇಲೆ ಫೋನು ಮಾಡಿ, "ಬೋಟು ಭಾರೀ ಲಾಯ್ಕಿತ್ತು, ನೀರೊಂದು ಕಾಣಲಿಲ್ಲ" ಎಂದರು. ಮಾಂಡವಿಯೆಂದರೆ ನಮ್ಮ ಮಹದಾಯಿಯೇ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿದ ಹೊಳೆ. ಪತ್ರಿಕೆಯಲ್ಲಿ ಅದರ ಹೆಸರು ಕಂಡರೆ ಓದದೆ ಬಿಡದ ನಾವು ಅದರ ಮೇಲೆಯೇ ಕೂತಾಗ ಅದರತ್ತ ತಿರುಗಿಯೂ ನೋಡುವುದಿಲ್ಲ ಎಂಬುದು ನನಗೆ ಸ್ವಲ್ಪ ವಿಚಿತ್ರವಾಗಿ ಕಂಡದ್ದುಂಟು.

ಇವತ್ತು ನಾನು ಹೇಳಹೊರಟಿರುವುದು ಬೇರೆ ನದಿಯ ವಿಷಯ. ಈ ಸಭೆ ನಡೆಯುತ್ತಿರುವ ಊರಿನ ಪಕ್ಕದಲ್ಲೇ ಹರಿಯುವ, ಆದರೆ ಸೇತುವೆ ದಾಟುವಾಗ ವಾಸನೆಗೆ ಮೂಗು ಮುಚ್ಚಿಕೊಳ್ಳುವುದನ್ನು ಬಿಟ್ಟರೆ ನಮ್ಮಲ್ಲಿ ಹೆಚ್ಚಿನವರು ಗಮನಿಸದ ಸಾಳ ನದಿ ಅದು. ವೆರ್ಣೆಯ ಸುತ್ತಿನ ತಗ್ಗಿನಲ್ಲಿ ಹುಟ್ಟಿ, ಬಾಣಾವಲಿ, ನಾವೆಲಿ, ಚಿಂಚಿಣಿ, ಅಸೊಳ್ಣೆ, ಕ್ಯಾವೆಲೊಸಿಂ ಊರುಗಳನ್ನು ಹಾದು, ಬೆತುಲ್ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಉದ್ದದಲ್ಲಾಗಲಿ ಅಗಲದಲ್ಲಾಗಲಿ ಮಾಂಡವಿ, ಜುವಾರಿಗಳ ಮುಂದೆ ಇದು ನಿಲ್ಲುವುದಿಲ್ಲ. ಆದರೆ ನಕಾಶೆಯನ್ನು ಬಿಡಿಸಿ ನೋಡಿದರೆ ಇದರ ಒಂದು ನಡೆ ಕಣ್ಣಿಗೆ ಬೀಳುತ್ತದೆ. ಉಳಿದ ನದಿಗಳೆಲ್ಲ ಪೂರ್ವದ ಘಟ್ಟದಿಂದ ಇಳಿದು ಪಶ್ಚಿಮದ ಕಡಲಿಗೆ ನೇರವಾಗಿ ನುಗ್ಗಿದರೆ, ಸಾಳ ಉತ್ತರದಿಂದ ದಕ್ಷಿಣಕ್ಕೆ, ಕಡಲಿನ ಮಗ್ಗುಲಲ್ಲೇ, ಕಡಲನ್ನು ಮುಟ್ಟದೆ ಹರಿಯುತ್ತದೆ. ಸಮುದ್ರ ಕೂಗಳತೆಯಲ್ಲಿ ಇದ್ದರೂ ಅದನ್ನು ಸೇರಲು ಇದು ಇಷ್ಟು ದೂರ ತಿರುಗಬೇಕಾದದ್ದು ಏಕೆ? ಅಡ್ಡಲಾಗಿ ಮರಳಿನ ದಿಬ್ಬಗಳ ಸಾಲು ಮಲಗಿದೆ, ಅದಕ್ಕೆ.

ನಮ್ಮಲ್ಲಿ ಕುಂದಾಪುರದ ಕಡೆಯವರು ಇದ್ದರೆ ಅವರಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕೆ. ಅಲ್ಲಿಯೂ ನದಿ ಕಡಲ ಪಕ್ಕಕ್ಕೆ ಬಂದು, ಒಳಗೆ ಹೋಗಲು ಬಾಗಿಲು ಸಿಗದೆ, ಉದ್ದಕ್ಕೂ ತಿರುಗಿ ಗಂಗೊಳ್ಳಿಯಲ್ಲಿ ಅಳಿವೆ ಕಂಡುಕೊಳ್ಳುತ್ತದೆ. ನದಿಗೂ ಕಡಲಿಗೂ ನಡುವೆ ನಾಲಿಗೆಯಂತೆ ಚಾಚಿಕೊಂಡ ಮರಳಿನ ನೆಲಕ್ಕೆ ದಕ್ಷಿಣ ಕನ್ನಡದವರು ಬೆಂಗ್ರೆ ಎನ್ನುತ್ತಾರೆ. ಕೋಡಿಬೆಂಗ್ರೆ, ತೋಟಬೆಂಗ್ರೆ, ಕಸಬಾ ಬೆಂಗ್ರೆ ಎಂಬ ಹೆಸರುಗಳು ಬಂದದ್ದು ಹಾಗೆ. ಸಾಳ ನದಿಯ ಕೊನೆಯಲ್ಲಿರುವ ಮೊಬೊರ್ ಕೂಡ ಅಂಥದೇ ಒಂದು ಬೆಂಗ್ರೆ. ಈ ಒಂದು ಪದ ನಮಗೆ ಗೊತ್ತಿದ್ದರೆ ಸಾಳ ನದಿಯ ಅರ್ಧ ಭೂಗೋಳ ಗೊತ್ತಾದಂತೆ.

ಈಗ ದಿಬ್ಬದ ಮಾತು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಭೂಮಿಯ ನೀರಿನಲ್ಲಿ ದೊಡ್ಡ ಪಾಲು ಹಿಮವಾಗಿ ಕೂತಿದ್ದಾಗ, ಸಮುದ್ರದ ಮಟ್ಟ ಇಂದಿಗಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಹಿಮ ಕರಗುತ್ತ ಬಂದಂತೆ ಕಡಲು ಏರಿತು. ಆರೇಳು ಸಾವಿರ ವರ್ಷಗಳ ಹಿಂದೆ ಹೆಚ್ಚುಕಡಿಮೆ ಈಗಿನ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದೀಚೆಗೆ ನದಿಗಳು ಹೊತ್ತು ತಂದ ಮರಳನ್ನು ಅಲೆಗಳು ದಡಕ್ಕೆ ತಳ್ಳುತ್ತ, ಗಾಳಿ ಅದನ್ನು ಇನ್ನೂ ಒಳಗೆ ಸಾಗಿಸುತ್ತ, ಒಂದರ ಹಿಂದೆ ಒಂದು ಏಣು ಕಟ್ಟಿದವು. ಬಾಣಾವಲಿಯ ಹೆಸರಿಗೆ ಜನ ಹೇಳುವ ಕಥೆ ನಿಮಗೆ ಗೊತ್ತು: ಪರಶುರಾಮ ಬಾಣ ಬಿಟ್ಟನಂತೆ, ಅದು ಬಿದ್ದಲ್ಲಿಯವರೆಗೆ ಕಡಲು ಹಿಂದೆ ಸರಿಯಿತಂತೆ, ಬಾಣ ಬಿದ್ದ ಹಳ್ಳಿ ಬಾಣಹಳ್ಳಿಯಾಯಿತಂತೆ. ಕಥೆಯನ್ನು ನಾನು ಭೂವಿಜ್ಞಾನದ ಜೊತೆ ಗಂಟು ಹಾಕಲು ಹೋಗುವುದಿಲ್ಲ. ಆದರೂ ಕಾಲ ಕೆಳಗಿನ ಈ ನೆಲ ಒಂದು ಕಾಲಕ್ಕೆ ಕಡಲಿನದಾಗಿತ್ತು ಎಂಬುದು ಬಾವಿ ತೋಡಿದವರಿಗೆಲ್ಲ ತಿಳಿದಿದ್ದ ಸಂಗತಿ. ಅಗೆದಷ್ಟೂ ಮರಳು, ನಡುನಡುವೆ ಚಿಪ್ಪು.

ಗಾಳಿ ಮರಳನ್ನು ಹೊತ್ತೊಯ್ಯುವ ಬಗೆಯನ್ನು ಒಮ್ಮೆ ಮೊಣಕಾಲೂರಿ ಕೂತು ನೋಡಬೇಕು. ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಒಣಗಿದ ಮರಳಿನ ಮೇಲೆ ಗಾಳಿಯ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್ ದಾಟಿತೆಂದರೆ ಕಾಳುಗಳು ಏಳತೊಡಗುತ್ತವೆ. ಅವು ಧೂಳಿನಂತೆ ಮೇಲಕ್ಕೆ ಹಾರಿಹೋಗುವುದಿಲ್ಲ. ಹುರಿಗಡಲೆಯ ಬಾಣಲೆಯಲ್ಲಿ ಕಾಳು ಸಿಡಿದಂತೆ ಗೇಣಿನಷ್ಟು ಎತ್ತರ ನೆಗೆದು ಮುಂದೆ ಬೀಳುತ್ತವೆ, ಬಿದ್ದಲ್ಲಿ ಬೇರೆ ಕಾಳುಗಳನ್ನು ಎಬ್ಬಿಸುತ್ತವೆ. ಹೀಗೆ ಮುಂಗಾಲಿಗೆ ಚುಚ್ಚುತ್ತ ಸಾಗುವ ಈ ಮೆರವಣಿಗೆಗೆ ಒಂದು ಕಡ್ಡಿ, ಒಂದು ಬಳ್ಳಿ, ಒಂದು ಹರಿದ ಬಲೆಯ ತುಂಡು ಅಡ್ಡ ಬಂದರೆ ಸಾಕು. ಅದರ ಹಿಂದೆ ಗಾಳಿ ಸೋಲುತ್ತದೆ, ಮರಳು ಕೆಳಗಿಳಿಯುತ್ತದೆ, ದಿಬ್ಬಕ್ಕೆ ಅಡಿಗಲ್ಲು ಬಿದ್ದಂತಾಗುತ್ತದೆ. ಗಾಳಿ ಜೋರಾಗಿರುವುದು ಮಳೆಗಾಲದಲ್ಲಲ್ಲವೇ, ದಿಬ್ಬ ಬೆಳೆಯುವುದೂ ಆಗಲೇ ಅಲ್ಲವೇ ಎಂದು ಒಬ್ಬರು ಕೇಳಿದರು. ಮಳೆಗಾಲದಲ್ಲಿ ಮರಳು ನೆನೆದು ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಎಂಥ ಗಾಳಿಗೂ ಸುಲಭಕ್ಕೆ ಏಳುವುದಿಲ್ಲ. ದಿಬ್ಬ ಬೆಳೆಯುವ ಕಾಲ ಬೇಸಿಗೆ. ಮಧ್ಯಾಹ್ನ ಕಳೆದ ಮೇಲೆ ವಾಯವ್ಯದಿಂದ ಬೀಸುವ ಕಡಲಗಾಳಿಯದೇ ಆ ಕೆಲಸ.

ಗಾಳಿ ತಂದದ್ದನ್ನು ಹಿಡಿದಿಡುವುದು ಗಿಡಗಳ ಕೆಲಸ. ಕಡಲಿಗೆ ತೀರ ಹತ್ತಿರ, ಉಪ್ಪು ನೀರಿನ ಹನಿ ಸಿಡಿಯುವ ಜಾಗದಲ್ಲಿ, ಮೇಕೆಯ ಗೊರಸಿನಂತೆ ಎರಡಾಗಿ ಸೀಳಿದ ಎಲೆಯ, ನೇರಳೆ ಹೂವಿನ ಅಡುಂಬು ಬಳ್ಳಿ ಹಬ್ಬುತ್ತದೆ. ಅದು ಹಬ್ಬಿದಲ್ಲೆಲ್ಲ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಅದರ ಪಕ್ಕದಲ್ಲಿ, ದಕ್ಷಿಣದ ಕರಾವಳಿಯವರು ರಾವಣನ ಮೀಸೆ ಎನ್ನುವ ಮುಳ್ಳು ಹುಲ್ಲು. ಈ ಹುಲ್ಲಿನ ಹಟ ನೋಡುವಂಥದು: ಮರಳು ಹೂಳಿದಷ್ಟೂ ಅದು ಮೇಲಕ್ಕೆ ಬೆಳೆಯುತ್ತದೆ, ಅದು ಬೆಳೆದಷ್ಟೂ ಮತ್ತಷ್ಟು ಮರಳು ನಿಲ್ಲುತ್ತದೆ. ಅವುಗಳ ಹಿಂದೆ ಕೇದಿಗೆಯ ಮೆಳೆ, ಲಕ್ಕಿಯ ಪೊದೆ. ಇನ್ನೂ ಒಳಗೆ, ಗಾಳಿಯ ಕಾಟ ಕಡಿಮೆಯಾದ ಮೇಲೆ, ಗೇರು ಮತ್ತು ತೆಂಗು. ಈ ಕ್ರಮ ತಪ್ಪುವುದಿಲ್ಲ. ಕಣ್ಣು ಕಟ್ಟಿ ನಿಮ್ಮನ್ನು ದಿಬ್ಬದ ಮೇಲೆ ಬಿಟ್ಟರೂ, ಕಾಲಿಗೆ ತಾಗುವ ಗಿಡದಿಂದಲೇ ಕಡಲು ಎಷ್ಟು ದೂರದಲ್ಲಿದೆ ಎಂದು ಹೇಳಬಹುದು. ರಾವಣನ ಮೀಸೆ ತಾಗಿದರೆ ನಿಮ್ಮ ಬಾಯಿಯೇ ಹೇಳುತ್ತದೆ.

ನನಗೆ ಇದೆಲ್ಲ ಅರ್ಥವಾದದ್ದು ಒಂದು ಎಡವಟ್ಟಿನಿಂದ. ಕೆಲವು ವರ್ಷಗಳ ಹಿಂದೆ, ಮಾಘದ ಹುಣ್ಣಿಮೆಯ ದಿನ, ನದಿಯ ಮೇಲಿನಿಂದ ಚಂದ್ರೋದಯ ನೋಡೋಣವೆಂದು ನಾವು ಐದು ಜನ ಅಸೊಳ್ಣೆಯ ಕಡೆಯಿಂದ ಒಂದು ಸಣ್ಣ ಬೋಟು ಗೊತ್ತು ಮಾಡಿದೆವು. ಹೊತ್ತು ಗೊತ್ತು ಮಾಡಿದವನು ನಾನು. ಊಟ ಮುಗಿಸಿ ಒಂದು ನಿದ್ದೆ ತೆಗೆದು ಮೂರೂವರೆಗೆ ಹೊರಡೋಣ ಎಂದಿದ್ದೆ. ಬೋಟಿನ ಯಜಮಾನರು ಕೊಂಕಣಿಯಲ್ಲಿ, "ಬಾಬ್, ಇಂದು ಹುಣ್ಣಿಮೆ, ನೀರು ಇಳಿಯುತ್ತಿರುತ್ತದೆ" ಎಂದು ಒಮ್ಮೆ ಹೇಳಿದರು. ನಾನು ಅದನ್ನು ಒಂದು ಭೂಗೋಳದ ಮಾಹಿತಿಯೆಂಬಂತೆ ಕೇಳಿಸಿಕೊಂಡು ತಲೆಯಾಡಿಸಿದೆ. ಎಡದಂಡೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಅವುಗಳ ಬೇರಿನ ಬಲೆಯೊಳಗೆ ನಡೆದಾಡುವ ಬೆಳ್ಳಕ್ಕಿ, ಗೂಟದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ, ಮೇಲೆ ಗರುಡ. ಬಲದಂಡೆಯಲ್ಲಿ ತೆಂಗಿನ ತೋಟ, ಅದರ ಹಿಂದೆ ಮಸುಕಾದ ದಿಬ್ಬದ ಏಣು. ಬೆಂಗ್ರೆಯ ಒಳಮೈಗೆ ಬರುವಷ್ಟರಲ್ಲಿ ತಳ ಒಮ್ಮೆ ಕರ್ರೆಂದಿತು, ಇನ್ನೊಮ್ಮೆ ಕರ್ರೆಂದಿತು, ಬೋಟು ನಿಂತಿತು. ಜಲ್ಲೆ ಹಾಕಿ ಒತ್ತಿದರೆ ಜಲ್ಲೆಯೇ ಹೂತುಕೊಂಡಿತು. ಬೋಟಿನಲ್ಲಿ ಕೆಲಸಕ್ಕಿದ್ದ ಹುಡುಗ ಬಾದಾಮಿ ಕಡೆಯವನು, ನಮ್ಮ ಮಾತು ಕೇಳಿ ಅಷ್ಟು ಹೊತ್ತು ಒಳಗೊಳಗೇ ನಗುತ್ತಿದ್ದವನು ಈಗ ಬಾಯಿ ಬಿಟ್ಟ: "ಉಸುಕಿಗೆ ಹತ್ತೇತ್ರಿ ಸರ. ನೀರ ಹೊಳ್ಳಿ ಬರೂತನಕಾ ಏನೂ ಮಾಡಾಕ ಬರೂದಿಲ್ಲ. ಕುಂದರ್ರಿ, ಇಲ್ಲಾ ಅಡ್ಡಾಡ್ರಿ."

ನಾವು ಅಡ್ಡಾಡಿದೆವು. ನಾಲ್ಕಕ್ಕೆ ಸಿಕ್ಕಿಕೊಂಡ ಬೋಟು ತೇಲಿದ್ದು ಆರೂವರೆಗೆ. ಆ ಎರಡೂವರೆ ತಾಸು ನಡೆದದ್ದನ್ನೇ ನಾನು ನಿಜವಾದ ನದೀವಿಹಾರ ಎಂದುಕೊಂಡಿದ್ದೇನೆ. ಪಾದ ಮುಳುಗುವಷ್ಟು ನೀರಿನಲ್ಲಿ ನಡೆದು ಬೆಂಗ್ರೆ ಹತ್ತಿದರೆ ಎದುರಿಗೆ ದಿಬ್ಬದ ಬೆನ್ನು. ಕಡಲ ಕಡೆಯಿಂದ ನೋಡಿದವರಿಗೆ ದಿಬ್ಬ ಸಾವಕಾಶ ಏರುವ ಒಂದು ಇಳಿಜಾರು ಮಾತ್ರ. ನದಿಯ ಕಡೆಯಿಂದ ನೋಡಿದರೆ ಅದು ಕಡಿದಾಗಿ ಇಳಿಯುವ ಗೋಡೆ. ಗಾಳಿ ಮುಂದಿನ ಮೈಯಿಂದ ಹತ್ತಿಸಿ ತಂದ ಮರಳು ನೆತ್ತಿ ದಾಟಿದೊಡನೆ ಗಾಳಿಯ ಕೈ ತಪ್ಪಿ ಹಿಂದೆ ಸುರಿಯುತ್ತದೆ. ಒಣ ಮರಳು ಮೂವತ್ತು ಡಿಗ್ರಿಗಿಂತ ತುಸು ಹೆಚ್ಚು ಓರೆಯವರೆಗೆ ಮಾತ್ರ ನಿಲ್ಲಬಲ್ಲದು, ಅದನ್ನು ದಾಟಿದರೆ ಜಾರುತ್ತದೆ. ನೆತ್ತಿಯ ಮೇಲೆ ನಾನು ಕಾಲಿಟ್ಟ ಕಡೆ ಒಂದು ಹಿಡಿ ಮರಳು ಜಾರಿತು, ಅದರ ಹಿಂದೆ ಒಂದು ಬೊಗಸೆ, ಅದರ ಹಿಂದೆ ಒಂದು ಮೊರದಷ್ಟು. ಸದ್ದಿಲ್ಲದೆ ಇಳಿದು, ಕೆಳಗೆ ಬೀಸಣಿಗೆಯಾಕಾರದಲ್ಲಿ ಹರಡಿ ನಿಂತಿತು.

ಅಲ್ಲಿಯೇ ಕೂತು ಬಾದಾಮಿಯ ಹುಡುಗ ಮರಳಿಗೆ ಕೈ ಹಾಕಿದ. ಮೇಲಿನ ನಾಲ್ಕು ಬೆರಳಿನಷ್ಟು ಮರಳು ಸುಡುತ್ತಿತ್ತು. ಗೇಣಿನ ಆಳಕ್ಕೆ ಹೋದಾಗ ತಣ್ಣಗಾಯಿತು. ಮೊಣಕೈಯವರೆಗೆ ಇಳಿಸಿ ತೆಗೆದ ಹಿಡಿಯನ್ನು ಅವನು ಬಿಚ್ಚಿದಾಗ ಮರಳು ಉದುರಲಿಲ್ಲ. ಉಂಡೆ ಕಟ್ಟಿಕೊಂಡು ಅಂಗೈಯಲ್ಲಿ ಕೂತಿತ್ತು. ಮಳೆ ನಿಂತು ನಾಲ್ಕು ತಿಂಗಳಾಗಿತ್ತು, ಸುತ್ತ ಎರಡೂ ಕಡೆ ಉಪ್ಪು ನೀರು. ಅವನು ಬೆರಳ ತುದಿಯನ್ನು ನಾಲಿಗೆಗೆ ಇಟ್ಟು ನೋಡಿ, "ಸಪ್ಪನ್ನದ ಐತ್ರಿ" ಎಂದ.

ಆ ಸಪ್ಪೆ ನೀರಿನಿಂದಲೇ ಈ ದಂಡೆಯ ಊರುಗಳು ಬದುಕಿಕೊಂಡು ಬಂದಿವೆ. ಗೋವಾದಲ್ಲಿ ವರ್ಷಕ್ಕೆ ಬೀಳುವ ಮೂರು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆಯಲ್ಲಿ ದಿಬ್ಬದ ಮೇಲೆ ಬಿದ್ದದ್ದು ಹರಿದು ಹೋಗುವುದಿಲ್ಲ, ಇಂಗುತ್ತದೆ. ಇಂಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡು, ನಡುವೆ ದಪ್ಪ, ಅಂಚಿನಲ್ಲಿ ತೆಳು, ಹೀಗೆ ಒಂದು ಮಸೂರದ ಆಕಾರದಲ್ಲಿ ನಿಲ್ಲುತ್ತದೆ. ಇದಕ್ಕೊಂದು ಸರಳವಾದ ಲೆಕ್ಕವಿದೆ: ಸಮುದ್ರ ಮಟ್ಟದಿಂದ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ, ಕೆಳಗೆ ಸುಮಾರು ನಲವತ್ತು ಅಡಿ ಸಿಹಿನೀರು ಇರುತ್ತದೆ. ಲೆಕ್ಕವನ್ನು ತಿರುಗಿಸಿ ಹೇಳಿದರೆ ಎದೆ ಝಲ್ಲೆನ್ನುತ್ತದೆ. ಮೇಲಿನ ಒಂದು ಅಡಿಯನ್ನು ಪಂಪು ಹಾಕಿ ಎತ್ತಿದಿರೋ, ಕೆಳಗಿನಿಂದ ನಲವತ್ತು ಅಡಿ ಉಪ್ಪುನೀರು ಏರಲು ದಾರಿಯಾಯಿತು. ದಿಬ್ಬವನ್ನು ಮಟ್ಟ ಮಾಡಿ ಹಸಿರು ಹುಲ್ಲುಹಾಸು ಬೆಳೆಸಿ, ಆ ಹುಲ್ಲಿಗೆ ಕೊಳವೆಬಾವಿಯಿಂದ ನೀರು ಹಾಯಿಸುವ ಕೆಲಸದಲ್ಲಿ ಎಷ್ಟು ಬಗೆಯ ಅವಿವೇಕ ಒಟ್ಟಿಗೆ ಸೇರಿದೆ ಎಂದು ನೀವೇ ಎಣಿಸಿಕೊಳ್ಳಿ.

ಬೋಟಿನಿಂದ ಕಾಣುವ ಇನ್ನೊಂದು ಸಂಗತಿಯನ್ನು ಉತ್ತರ ಕನ್ನಡದವನಾಗಿ ನಾನು ಹೇಳದೆ ಬಿಡಲಾರೆ. ಪೂರ್ವದ ದಂಡೆಯುದ್ದಕ್ಕೂ ಮಣ್ಣಿನ ಒಡ್ಡುಗಳು, ಒಡ್ಡಿನಾಚೆ ನದಿಯ ಭರತದ, ಅಂದರೆ ಕಡಲು ಉಕ್ಕಿದಾಗ ಏರುವ ನೀರಿನ, ಮಟ್ಟಕ್ಕಿಂತ ತಗ್ಗಿನಲ್ಲಿ ಗದ್ದೆಗಳು. ಗೋವಾದವರು ಇದಕ್ಕೆ ಖಜಾನ್ ಎನ್ನುತ್ತಾರೆ. ಅಘನಾಶಿನಿಯ ದಂಡೆಯಲ್ಲಿ ನಾವು ಗಜನಿ ಎನ್ನುತ್ತೇವೆ. ಅಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ಒಡ್ಡಿನ ನಡುವಿನ ಬಾಗಿಲಿಗೆ ಇಲ್ಲಿ ಮಾನಸ್ ಎಂಬ ಹೆಸರು. ಮರದ ಈ ಕದಕ್ಕೆ ಚಿಲಕವಿಲ್ಲ, ಕಾವಲಿಗನೂ ಇಲ್ಲ: ಭರತದ ನೀರು ಹೊರಗಿನಿಂದ ಒತ್ತಿದಾಗ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ಒಳಗಿನ ನೀರು ಒತ್ತಿದಾಗ ತಾನೇ ತೆರೆದುಕೊಳ್ಳುತ್ತದೆ. ಮಡಗಾಂವ್‌ನ ಖಾರೆಬಾಂದ್ ದಿನಾ ನಮ್ಮ ಬಾಯಲ್ಲಿ ಬರುವ ಹೆಸರು. ಖಾರೆ ಎಂದರೆ ಉಪ್ಪು, ಬಾಂದ್ ಎಂದರೆ ಒಡ್ಡು. ಕಡಲ ಉಪ್ಪು ಪೇಟೆಯ ಬಾಗಿಲವರೆಗೆ ಬರುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪಶ್ಚಿಮದಲ್ಲಿ ಗಾಳಿ ಕಟ್ಟಿದ ಒಡ್ಡು, ಪೂರ್ವದಲ್ಲಿ ಮನುಷ್ಯರು ಕಟ್ಟಿದ ಒಡ್ಡು, ಅವೆರಡರ ನಡುವಿನ ಓಣಿಯಲ್ಲಿ ಬೋಟು ಸಾಗುತ್ತದೆ.

ಹಾಗೆಂದು ನಾನು ನಿಮಗೆ ಸ್ವರ್ಗವನ್ನು ಮಾರುತ್ತಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲುಷಿತ ನದೀಭಾಗಗಳ ಪಟ್ಟಿಯಲ್ಲಿ ಇದೇ ಖಾರೆಬಾಂದ್‌ನಿಂದ ಮೊಬೊರ್‌ವರೆಗಿನ ಸಾಳ ನದಿ ಸೇರಿತ್ತು. ಮೇಲಿನ ಭಾಗದಲ್ಲಿ ಬೋಟಿನಲ್ಲಿ ಕೂರಲು ನಾನು ಯಾರಿಗೂ ಹೇಳುವುದಿಲ್ಲ. ಕ್ಯಾವೆಲೊಸಿಂನಿಂದ ಕೆಳಗೆ, ದಿನಕ್ಕೆ ಎರಡು ಬಾರಿ ಭರತ ಒಳಬಂದು ತೊಳೆಯುವ ಭಾಗದಲ್ಲಿ, ನೀರಿನ ಬಣ್ಣವೂ ವಾಸನೆಯೂ ಬೇರೆ.

ದಿಬ್ಬಗಳ ಸ್ಥಿತಿಯೂ ಎಲ್ಲ ಕಡೆ ಒಂದೇ ಆಗಿಲ್ಲ. ವೆಲ್ಸಾಂವ್‌ನಿಂದ ಮೊಬೊರ್‌ವರೆಗೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಉದ್ದಕ್ಕೆ ಚಾಚಿರುವ ಈ ದಡದಲ್ಲಿ ಒಂದು ಕಾಲಕ್ಕೆ ದಿಬ್ಬದ ಸಾಲು ಅಖಂಡವಾಗಿತ್ತು. ಈಗ ನದಿಯ ಮೇಲಿನಿಂದ ನೋಡುತ್ತ ಹೋದರೆ ಹಲ್ಲು ಬಿದ್ದ ಬಾಯಿಯ ಹಾಗೆ ಅಲ್ಲಲ್ಲಿ ಖಾಲಿ. ಆ ಖಾಲಿಯ ನಡುವೆ ಕಟ್ಟಡಗಳ ತಲೆ ಕಾಣುತ್ತದೆ. ಕಡಲ ನೋಟಕ್ಕೆ ಅಡ್ಡವಾಗುತ್ತದೆಂದು ದಿಬ್ಬ ಕೆಡವಿದವರು, ಮಳೆಗಾಲ ಬಂದಾಗ ಅಲೆ ತಡೆಯಲು ಕಲ್ಲಿನ ಗೋಡೆ ಬೇಕೆನ್ನುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅಲೆಗಳು ದಡದ ಮರಳನ್ನು ಕೆರೆದು ಕಡಲೊಳಗೆ ಒಯ್ದು ಇಡುತ್ತವೆ. ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತರುತ್ತವೆ. ಈ ಕೊಡು-ಕೊಳ್ಳುವಿಕೆಯಲ್ಲಿ ದಿಬ್ಬವೆಂದರೆ ಮನೆಯ ಕಣಜ. ಅಲೆ ಹಸಿದು ಬಂದ ವರ್ಷ ದಿಬ್ಬದ ಬುಡದಿಂದ ನಾಲ್ಕು ಬುಟ್ಟಿ ಹೆಚ್ಚು ಒಯ್ಯುತ್ತದೆ, ಅಷ್ಟಕ್ಕೆ ತೃಪ್ತವಾಗುತ್ತದೆ. ಕಣಜವೇ ಇಲ್ಲದ ಕಡೆ ಅದು ಮನೆಯೊಳಗೆ ಬರುತ್ತದೆ.

ಕಾನೂನಿಲ್ಲವೆಂದಲ್ಲ. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಬಂದದ್ದು 1991ರ ಫೆಬ್ರವರಿಯಲ್ಲಿ. 2011ರ ಜನವರಿಯ ಅಧಿಸೂಚನೆಯಲ್ಲಿ ಗೋವಾಕ್ಕೆಂದೇ ಪ್ರತ್ಯೇಕ ಭಾಗವಿತ್ತು. ಖಜಾನ್ ಭೂಮಿಯನ್ನೂ ಮರಳು ದಿಬ್ಬಗಳನ್ನೂ ಅಳೆದು ನಕಾಶೆ ಮಾಡಬೇಕೆಂದು, ದಿಬ್ಬಗಳ ಮೇಲೆ ಯಾವ ಚಟುವಟಿಕೆಗೂ ಅವಕಾಶವಿಲ್ಲವೆಂದು ಅದು ಹೇಳಿತು. 2019ರಲ್ಲಿ ಮತ್ತೊಂದು ಬಂತು. ಅದರಲ್ಲಿಯೂ ದಿಬ್ಬಗಳು ಅತಿ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲೇ ಇವೆ. 1966ರಲ್ಲಿ ಆರಂಭವಾದ, ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿದ್ದ ವಿಜ್ಞಾನಿ ಆಂಟೋನಿಯೊ ಮಸ್ಕರೇನ್ಹಸ್ ಅವರಂಥವರು ಈ ದಿಬ್ಬಗಳ ಪರವಾಗಿ ವರ್ಷಗಟ್ಟಲೆ ಬರೆದರು, ಮಾತಾಡಿದರು. ನನ್ನ ಮಟ್ಟಿಗೆ ತೊಡಕು ಎಲ್ಲಿದೆಯೆಂದರೆ, ಕಾನೂನು ದಿಬ್ಬವನ್ನು ನಕಾಶೆಯ ಮೇಲಿನ ಒಂದು ಗೆರೆಯಾಗಿ ನೋಡುತ್ತದೆ, ದಿಬ್ಬವಾದರೋ ನಡೆದಾಡುವ ವಸ್ತು. ಗೆರೆಯ ಒಳಗಿದ್ದದ್ದು ನಾಳೆ ಹೊರಗೆ ಬರುತ್ತದೆ. ಆ ಹೊತ್ತನ್ನೇ ಕಾಯುವವರಿದ್ದಾರೆ.

ಗಾಳಿಮರದ ವಿಷಯದಲ್ಲಿ ಸಭೆಯಲ್ಲಿ ಸ್ವಲ್ಪ ವಾದವಾಯಿತು. ಮೊಬೊರ್‌ನಲ್ಲಿಯೂ ಇತರೆಡೆಯೂ ದಿಬ್ಬ ಹಿಡಿದು ನಿಲ್ಲಿಸಲೆಂದು ನೆಟ್ಟ ಗಾಳಿಮರಗಳು ಸಾಲಾಗಿ ನಿಂತಿವೆ, ದೂರಕ್ಕೆ ಚೆಂದ ಕಾಣುತ್ತವೆ, ಅವುಗಳೊಳಗೆ ಗಾಳಿ ಮಾಡುವ ಸದ್ದೂ ಚೆಂದ. ಆದರೆ ಅವುಗಳ ಬುಡಕ್ಕೆ ಹೋಗಿ ನೋಡಿ. ಉದುರಿದ ಎಳೆಗಳ ದಪ್ಪ ಹಾಸಿಗೆಯ ಕೆಳಗೆ ಅಡುಂಬು ಬಳ್ಳಿಯೂ ಇಲ್ಲ, ರಾವಣನ ಮೀಸೆಯೂ ಇಲ್ಲ. ಮರಳನ್ನು ಹಿಡಿಯಲು ಮರವೇ ಬೇಕೆಂಬುದು ನಮ್ಮ ಕಲ್ಪನೆ. ನೆಲಕ್ಕೆ ಅಂಟಿ ಹರಿಯುವ ಬಳ್ಳಿ ಮಾಡುವ ಕೆಲಸವನ್ನು ಎತ್ತರದ ಮರ ಮಾಡಲಾರದು. ಮರಗಳನ್ನು ಕಡಿಯಬೇಕೆಂದು ನಾನು ಹೇಳುವುದಿಲ್ಲ, ಹೊಸದಾಗಿ ನೆಡುವುದನ್ನು ನಿಲ್ಲಿಸಿದರೆ ಸಾಕು.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ಕಾಲ: ನವೆಂಬರ್‌ನಿಂದ ಮಾರ್ಚ್. ಮಳೆಗಾಲದಲ್ಲಿ ಅಳಿವೆಯ ಹತ್ತಿರ ಸುಳಿಯಬೇಡಿ. ಹೊತ್ತು ಗೊತ್ತು ಮಾಡುವಾಗ ಗಡಿಯಾರಕ್ಕಿಂತ ಮೊದಲು ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಗಳಂದು ಇಲ್ಲಿ ಹಗಲಿನ ಭರತ ಹನ್ನೊಂದು ಹನ್ನೆರಡು ಗಂಟೆಯ ಸುಮಾರಿಗೆ ತುಂಬುತ್ತದೆ. ಆಮೇಲೆ ದಿನಕ್ಕೆ ಐವತ್ತು ನಿಮಿಷದಂತೆ ತಡವಾಗುತ್ತ ಹೋಗುತ್ತದೆ. ಹಾಗಾಗಿ ಹುಣ್ಣಿಮೆಯ ಸಂಜೆ ನೀರು ತಳ ಕಂಡಿರುತ್ತದೆ, ಅಷ್ಟಮಿಯ ಆಸುಪಾಸಿನ ಸಂಜೆ ತುಂಬಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಏರಿಳಿತ ಎರಡು ಮೀಟರಿನಷ್ಟಾಗುವುದುಂಟು. ಅಷ್ಟಮಿಯದು ಅದಕ್ಕಿಂತ ಬಹಳ ಕಡಿಮೆ, ಆದ್ದರಿಂದ ಸೆಳೆತವೂ ಕಡಿಮೆ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದೊಯ್ಯುವುದಾದರೆ ಅಷ್ಟಮಿ, ನವಮಿಗಳೇ ವಾಸಿ. ಜೀವರಕ್ಷಕ ಅಂಗಿಯನ್ನು ತೊಡದೆ ಕೂರಬೇಡಿ, ಸೀಟಿನ ಕೆಳಗೆ ಇಟ್ಟುಕೊಂಡರೆ ಅದು ಜೀವರಕ್ಷಣೆಯಾಗುವುದಿಲ್ಲ. ಡಾಲ್ಫಿನ್ ತೋರಿಸುತ್ತೇವೆಂದು ಅಳಿವೆಯಾಚೆ ಕಡಲಿಗೆ ಕರೆದೊಯ್ಯುವುದಾಗಿ ಹೇಳುವರು. ಅದು ಬೇರೆ ಪಯಣ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ. ಒಂದು ವಿನಂತಿಯನ್ನು ಮಾತ್ರ ಬೋಟಿನ ಯಜಮಾನರಲ್ಲಿ ತಪ್ಪದೆ ಮಾಡಿ: ಬೆಂಗ್ರೆಯ ಪಕ್ಕಕ್ಕೆ ಬಂದಾಗ ಎಂಜಿನ್ ಆರಿಸಿ ಹತ್ತು ನಿಮಿಷ ತೇಲಬಿಡಬೇಕೆಂದು. ಎಡಗಿವಿಗೆ ಕಾಂಡ್ಲಾದೊಳಗಿನ ಮಿಂಚುಳ್ಳಿಯ ಕೂಗು, ಬಲಗಿವಿಗೆ ದಿಬ್ಬದಾಚೆಯ ಕಡಲ ಮೊರೆತ. ಕಡಲು ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೆ.

ಉತ್ತರ ಗೋವಾದಲ್ಲಿರುವವರು ಇಷ್ಟು ದೂರ ಬರಬೇಕಾಗಿಲ್ಲ. ಮೊರ್ಜಿಂ ಪಕ್ಕದ ಶಾಪೋರಾ ಅಳಿವೆಯಲ್ಲಿಯೂ ಕೇರಿಯ ಪಕ್ಕದ ತೇರೆಖೋಲ್ ಅಳಿವೆಯಲ್ಲಿಯೂ ಇದೇ ಕಥೆಯ ಬೇರೆ ಪಾಠಗಳಿವೆ. ದಕ್ಷಿಣದ ತುದಿಯ ಗಾಲ್ಜಿಬಾಗ್‌ನಲ್ಲಿ ದಿಬ್ಬದ ಬುಡಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಅಲ್ಲಿಗೆ ಹೋದರೆ ದಡದ ಮೇಲೆ ರಾತ್ರಿ ದೀಪ ಹಚ್ಚಬೇಡಿ.

ಆ ಹುಣ್ಣಿಮೆಯ ದಿನದ ಮಾತನ್ನು ಪೂರ್ತಿ ಮಾಡಿಬಿಡುತ್ತೇನೆ. ಸೂರ್ಯ ಮುಳುಗುವ ಹೊತ್ತಿಗೆ ಗಾಳಿ ಇನ್ನೂ ಬಿದ್ದಿರಲಿಲ್ಲ. ದಿಬ್ಬದ ನೆತ್ತಿಯಿಂದ ಒಂದು ಮುಳ್ಳುಚೆಂಡು ಉರುಳುತ್ತ ಬಂತು, ಅದರ ಹಿಂದೆ ಇನ್ನೊಂದು. ರಾವಣನ ಮೀಸೆಯ ಹೆಣ್ಣುಗಿಡದ ಬೀಜಗೊಂಚಲು ಬಲಿತ ಮೇಲೆ ತೊಟ್ಟು ಕಳಚಿ, ಮುಳ್ಳುಗಳ ತುದಿಯ ಮೇಲೆ ನಿಂತು, ಗಾಳಿ ಕರೆದ ಕಡೆಗೆ ಓಡುತ್ತದೆ. ಮೊದಲನೆಯದು ಕೆಳಗಿನ ಬಳ್ಳಿಗೆ ಸಿಕ್ಕಿ ನಿಂತಿತು. ಎರಡನೆಯದು ನಮ್ಮ ಕಾಲ ಬಳಿ ಹಾದು, ತೇವದ ಮರಳಿನ ಮೇಲೆ ಚುಕ್ಕಿಚುಕ್ಕಿ ಗೆರೆ ಎಳೆಯುತ್ತ ಹೋಗಿ ನೀರಿಗೆ ಬಿತ್ತು. ತೇಲುತ್ತ ಬೋಟಿನ ಪಕ್ಕ ಹಾದು, ಮೇಲ್ಮುಖವಾಗಿ ಅಸೊಳ್ಣೆಯ ಕಡೆಗೆ ಸಾಗಿತು. ಯಜಮಾನರು ಅದನ್ನು ನೋಡಿ ಬೀಡಿ ಆರಿಸಿ ಎದ್ದರು. "ನೀರು ತಿರುಗಿದೆ, ಬನ್ನಿ" ಎಂದರು. ಪೂರ್ವದ ಗುಡ್ಡದ ಮೇಲೆ ಚಂದ್ರ ಆಗಲೇ ಒಂದು ಮಾರು ಏರಿದ್ದ. ನಮ್ಮಲ್ಲಿ ಯಾರೂ ಅವನು ಹುಟ್ಟಿದ್ದನ್ನು ನೋಡಿರಲಿಲ್ಲ.